ಸತ್ತ ಕುರಿಗಳನ್ನು ಸತ್ತಿವೆ ಎಂದು ಬರೆದುಕೊಡುವ ಬಗ್ಗೆ

ಇಂದ,
ಝಾಹಿದಾ, ಗಂಡ ಪೊಡಿಯಬ್ಬ,
ಲಿಫ್ಟ್ ಕೆಟ್ಟಿರುವ ಕಟ್ಟಡದ ಮೂರನೇ ಮಹಡಿ,
ಅಲ್ ಮುಂತಜಾ, ದೋಹಾ.

ಗೆ,
ಮಾನ್ಯ ಅಧ್ಯಕ್ಷರು,
ಬಿರುಮಳೆ ಹಾನಿ ಪರಿಹಾರ ಸಮಿತಿ (ಕೃಷಿ ಮತ್ತು ಜಾನುವಾರು ವಿಭಾಗ),
ಉತ್ತರ ವಲಯ.

ವಿಷಯ: ಅಲ್ ಶಮಾಲ್‌ನಲ್ಲಿರುವ ನಮ್ಮ ಅರ್ಬಾಬರ ಫಾರ್ಮ್ ಹಾಳಾಗಿದೆ ಎಂಬುದನ್ನು ದಯವಿಟ್ಟು ಒಪ್ಪಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ತಮ್ಮ ಸಮಿತಿಯ ತಪಾಸಣಾ ವರದಿ. ಅದರ ಷರಾ: "ಫಾರ್ಮ್ ಅತ್ಯುತ್ತಮ ಸ್ಥಿತಿಯಲ್ಲಿದೆ. ಕುರಿಗಳು ಆರೋಗ್ಯವಾಗಿವೆ. ಹಾನಿ ಇಲ್ಲ."
೨. ಕಳೆದ ಏಪ್ರಿಲ್ ತಿಂಗಳ ಮಳೆ (ಖುದ್ದಾಗಿ ಬಂದದ್ದು).
೩. ನೆಂಟರು ಬರುವಾಗ ಅಂಗಳದಲ್ಲಿ ಒಂದು ಕಸ ಕಾಣಬಾರದೆಂಬ ನನ್ನ ತಾಯಿಯ ಆದೇಶ (ಮೌಖಿಕ. ಈವರೆಗೆ ರದ್ದಾಗಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ತಮ್ಮ ಸಮಿತಿಗೆ ಬರುವ ಅರ್ಜಿಗಳೆಲ್ಲ ಹಣ ಕೊಡಿ ಎಂದು ಕೇಳುವಂಥವೇ ಇರಬಹುದು. ಈ ಅರ್ಜಿ ಆ ಜಾತಿಯದ್ದಲ್ಲ. ಪರಿಹಾರದ ಹಣ ಏನಾದರೂ ಬಂದರೆ ಅದು ಫಾರ್ಮಿನ ಮಾಲೀಕರಿಗೆ, ಅಂದರೆ ನಮ್ಮ ಅರ್ಬಾಬರಿಗೆ ಹೋಗತಕ್ಕದ್ದು. ಅದರಲ್ಲಿ ನಮಗೆ ಒಂದು ಚಹಾದ ಪಾಲೂ ಇಲ್ಲ, ಬೇಡ ಕೂಡ. ನಮಗೆ ಬೇಕಾಗಿರುವುದು ತಮ್ಮ ಸೀಲು ಇರುವ ಒಂದೇ ಒಂದು ವಾಕ್ಯ: "ಕುರಿಗಳು ಸತ್ತಿವೆ." ಅದು ಸಿಗದಿದ್ದರೆ ಈ ತಿಂಗಳ ಕೊನೆಗೆ ನನ್ನ ಗಂಡ ಕುರಿಕಳ್ಳನೆಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಆದ ಕಾರಣ ಈ ಕೆಳಗಿನ ಅಂಶಗಳನ್ನು ಒಂದೊಂದಾಗಿ, ಎದ್ದು ಹೋಗದೆ, ಓದಬೇಕಾಗಿ ಕೋರಿಕೆ.

೧. ಅರ್ಜಿಯನ್ನು ಕನ್ನಡದಲ್ಲಿ ಬರೆದದ್ದಕ್ಕೆ ಕಾರಣ: ನನಗೆ ಅರಬಿ ಓದಲು ಬರುತ್ತದೆ, ಜಗಳ ಮಾಡಲು ಬರುವುದಿಲ್ಲ. ಮದುವೆಗೆ ಮುಂಚೆ ಫರಂಗಿಪೇಟೆಯ ನಮ್ಮ ಬೀದಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವಳು ನಾನೇ. ನನ್ನ ಅರ್ಜಿಗಳಿಂದ ಆ ಬೀದಿಗೆ ದೀಪ ಬಂದಿದೆ, ಚರಂಡಿಗೆ ಮುಚ್ಚಳ ಬಂದಿದೆ, ಒಬ್ಬ ಪಂಚಾಯತ್ ಕಾರ್ಯದರ್ಶಿಗೆ ವರ್ಗವಾಗಿದೆ. ಇದನ್ನು ಬೆದರಿಕೆ ಎಂದು ಭಾವಿಸಬಾರದು, ಅನುಭವ ಎಂದು ಭಾವಿಸತಕ್ಕದ್ದು. ಇದನ್ನು ಅರಬಿಗೆ ಇಳಿಸುವವಳು ನಮ್ಮ ಕಟ್ಟಡದ ಕೆಳಗಿನ ಟೈಪಿಂಗ್ ಸೆಂಟರಿನ ಜ್ಯೋತ್ಸ್ನಾ. ಕಾರ್ಕಳದ ಹುಡುಗಿ. "ಝಾಹಿದಕ್ಕ, ಅರ್ಧ ಪೇಜ್ ಸಾಕು. ಇಷ್ಟುದ್ದ ಪುರಾಣ ಅಲ್ಲಿ ಯಾರು ಓದ್ತಾರೆ?" ಎಂದಳು. "ನೀನು ಓದ್ತಿಯಲ್ಲ? ಹಾಗಾದ್ರೆ ಒಬ್ಬರಾಯ್ತು" ಎಂದೆ. ಅವಳು ಯಾವುದಾದರೂ ವಾಕ್ಯವನ್ನು ನುಂಗಿದ್ದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

೨. ಸದರಿ ಪೊಡಿಯಬ್ಬ ಎಂಬವರನ್ನು ಇನ್ನು ಮುಂದೆ ಈ ಅರ್ಜಿಯಲ್ಲಿ 'ಇವರು' ಎಂದು ಕರೆಯಲಾಗುವುದು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ. ಮೇಲೆ ಬರೆದದ್ದು ಕಾನೂನಿಗೆ ಬೇಕಾಗಿ ಮಾತ್ರ. ಇವರು ಊರಿನಲ್ಲಿದ್ದಾಗ ಮಂಗಳೂರು–ಉಪ್ಪಿನಂಗಡಿ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ಸು ಮಾರಿಹೋದ ಮೇಲೆ ಕತಾರಿಗೆ ಬಂದು, ಅರ್ಬಾಬರ ಫಾರ್ಮ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ತಲೆ ಬೆಳ್ಳಗಾಗುವವರೆಗೂ ಅಲ್ಲೇ ಇದ್ದಾರೆ. ವಾರವಿಡೀ ಫಾರ್ಮಿನಲ್ಲಿ, ಗುರುವಾರ ಸಂಜೆ ಮುಂತಜಾದ ಮನೆಗೆ. ಬಂದರೂ ಬಾಯಿಯಲ್ಲಿ ಕುರಿಗಳದ್ದೇ ಸುದ್ದಿ. ಕುರಿಗಳಿಗೆ ಇವರು ಇಟ್ಟ ಹೆಸರುಗಳು ಪಂಪ್‌ವೆಲ್, ಅಡ್ಯಾರ್, ತುಂಬೆ, ಕಲ್ಲಡ್ಕ, ಮಾಣಿ. ಹಳೆಯ ರೂಟಿನ ಸ್ಟಾಪುಗಳು ಒಂದೂ ಬಿಡದೆ ಅಲ್ಲಿ ಮೇಯುತ್ತಿದ್ದವು. ಮೇವು ಹಾಕುವಾಗ ಒಂದು ಕೈಯಿಂದ ದೊಡ್ಡಿಯ ಕಂಬಿ ಬಡಿದು "ಕಲ್ಲಡ್ಕ ಕಲ್ಲಡ್ಕ ಕಲ್ಲಡ್ಕ, ಬೇಗ ಬೇಗ, ಮುಂದೆ ಹೋಗಿ ಮುಂದೆ ಹೋಗಿ" ಎಂದು ಕೂಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಕಲ್ಲಡ್ಕ ಬರುತ್ತಿತ್ತು. ಅದು ಬಹಳ ಕೊಬ್ಬಿದ ಹೆಣ್ಣು ಕುರಿ.

೩. ಇನ್ನು ಮಳೆಯ ಬಗ್ಗೆ. ನಮ್ಮೂರಿನಲ್ಲಿ ಮಳೆ ಬಂದರೆ ನೀರು ಎಲ್ಲಿಗೆ ಹೋಗಬೇಕೆಂದು ನೀರಿಗೆ ಗೊತ್ತಿರುತ್ತದೆ. ಇಲ್ಲಿ ಮಳೆಗೂ ಅಭ್ಯಾಸವಿಲ್ಲ, ನೆಲಕ್ಕೂ ಅಭ್ಯಾಸವಿಲ್ಲ. ಅಂದು ಮಧ್ಯಾಹ್ನ ಮೊದಲು ಗಾಳಿ ಬಂತು, ಆಮೇಲೆ ಆಲಿಕಲ್ಲು, ಆಮೇಲೆ ಎಲ್ಲ ಕಡೆಯ ನೀರು ಒಟ್ಟಾಗಿ ಫಾರ್ಮಿನ ತಗ್ಗಿಗೆ. ತಗ್ಗಿನಲ್ಲಿ ಇದ್ದದ್ದು ಕುರಿಗಳ ದೊಡ್ಡಿ. ಮೇಲಿನ ದೊಡ್ಡಿಯಲ್ಲಿದ್ದ ಆಡುಗಳು ಗೋಡೆ ಹಾರಿ ನೀರಿನ ಟ್ಯಾಂಕಿನ ಮೇಲೆ ನಿಂತು ತಮಾಷೆ ನೋಡಿದವು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ. ಆಡು ಹತ್ತದ ಟ್ಯಾಂಕಿಲ್ಲ ಎಂಬುದನ್ನೂ ಅದಕ್ಕೆ ಸೇರಿಸಬಹುದು. ಆದರೆ ಕುರಿ ಕುರಿಯೇ. ಹೆದರಿದರೆ ಒಂದರ ಹಿಂದೆ ಒಂದು ಮೂಲೆಗೆ ಒತ್ತುತ್ತವೆ. ಹಾಗೆ ಒತ್ತಿ ನಿಂತ ಮೂಲೆಯ ಮೇಲೆಯೇ ತಗಡಿನ ಮಾಡು ಕುಸಿಯಿತು. ಇವರು ಮತ್ತು ನೀರಿನ ಟ್ಯಾಂಕರ್ ಓಡಿಸುವ ಕೊರಗ ಇಬ್ಬರೂ ಸೊಂಟದ ಮಟ್ಟದ ಕೆಸರುನೀರಿನಲ್ಲಿ ನಿಂತು ತಗಡು ಎತ್ತಿದರು. ಇವರ ಅಂಗೈಯ ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಮೂವತ್ತೆಂಟು ಕುರಿಗಳಲ್ಲಿ ಒಂದೂ ಉಳಿಯಲಿಲ್ಲ.

೪. ಸತ್ತ ಪ್ರಾಣಿಗಳನ್ನು ಈ ಸೆಖೆಯಲ್ಲಿ ಇಟ್ಟುಕೊಳ್ಳಲಾಗದ ಕಾರಣ, ಮಾರನೇ ದಿನವೇ ಗುಂಡಿ ತೋಡಿಸಿ, ಸುಣ್ಣ ಹಾಕಿ, ಕಿವಿಯ ನಂಬರ್ ಬಿಲ್ಲೆಗಳ ಸಮೇತ ಮಣ್ಣು ಮಾಡಲಾಯಿತು. ಬಿಲ್ಲೆ ಕಿತ್ತಿಟ್ಟುಕೊಳ್ಳಬೇಕಿತ್ತು, ಫೋಟೋ ತೆಗೆಯಬೇಕಿತ್ತು ಎಂದು ತಾವು ಕೇಳಬಹುದು. ನಾನೂ ಕೇಳಿದ್ದೇನೆ. ಅದಕ್ಕೆ ಉತ್ತರ ಕೊಟ್ಟವನು ಕೊರಗ. "ಅಕ್ಕ, ಎಂತ ಫೋಟೋ ತೆಗೆಯುದು? ಪೊಡಿಯಬ್ಬಾಕ ಗುಂಡಿಯ ಬಾಯಲ್ಲಿ ನಿಂತು ಒಂದೊಂದನ್ನೇ ಇಳಿಸುವಾಗ ಹೆಸರು ಕರೀತಿದ್ರು. ಅಡ್ಯಾರ್ ಇಳೀರಿ, ತುಂಬೆ ಇಳೀರಿ ಅಂತ. ಮಾಣಿ ಬರುವಾಗ ಅವರ ಸ್ವರ ನಿಂತಿತು. ಮತ್ತಿನದನ್ನು ನಾನೇ ಕರೆದೆ. ನನಗೆ ಆ ರೂಟ್ ಸರಿ ಗೊತ್ತಿಲ್ಲ, ಎರಡು ಸ್ಟಾಪ್ ಹಿಂದೆ ಮುಂದೆ ಆಗಿರಬಹುದು" ಎಂದ. ಸಮಿತಿಯು ದಯವಿಟ್ಟು ಆ ಇಬ್ಬರು ಗಂಡಸರ ಕೈಯಲ್ಲಿ ಆ ಹೊತ್ತಿಗೆ ಮೊಬೈಲ್ ಯಾಕಿರಲಿಲ್ಲ ಎಂದು ಕೇಳದಿರಬೇಕು.

೫. ತದನಂತರ ಇವರು ಅರ್ಬಾಬರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅರ್ಬಾಬರು ಆಗ ಚಿಕಿತ್ಸೆಗೆಂದು ಹೊರದೇಶದಲ್ಲಿದ್ದರು. ಒಳ್ಳೆಯ ಮನುಷ್ಯ. "ನೀನು ಕ್ಷೇಮವಾಗಿದ್ದೀಯಾ, ಅದು ಮುಖ್ಯ" ಎಂದು ಹೇಳಿ, ಅಲ್ಲಿಂದಲೇ ತಮ್ಮ ಸಮಿತಿಗೆ ಪರಿಹಾರದ ಅರ್ಜಿ ಹಾಕಿಸಿದರು. ಸ್ವಲ್ಪ ದಿನ ಕಳೆದು ತಮ್ಮ ಕಚೇರಿಯಿಂದ ಇವರಿಗೆ ಫೋನ್ ಬಂತು: ನಾಳೆ ಬೆಳಿಗ್ಗೆ ಇಬ್ಬರು ಅಧಿಕಾರಿಗಳು ನಷ್ಟ ನೋಡಲು ಬರುತ್ತಾರೆ.

ಮಾನ್ಯರೇ, ಎಲ್ಲ ಅನಾಹುತಕ್ಕೂ ಆ ಫೋನೇ ಮೂಲ. ಇವರು ಆ ಸುದ್ದಿಯನ್ನು ನನಗೆ ತಿಳಿಸಿದರು. ನನ್ನ ಕಿವಿಗೆ ಬಿದ್ದದ್ದು "ಇಬ್ಬರು ಬರುತ್ತಾರೆ" ಎಂಬುದಷ್ಟೇ. ನಷ್ಟ ನೋಡಲು ಎಂಬ ಭಾಗಕ್ಕೆ ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ. ನಮ್ಮ ಕಡೆಯಲ್ಲಿ ಮನೆಗೆ ಯಾರಾದರೂ ಬರುತ್ತಾರೆಂದರೆ, ಅವರು ಹೆಣ್ಣು ನೋಡಲು ಬರಲಿ, ಸಾಲ ವಸೂಲಿಗೆ ಬರಲಿ, ಮೊದಲು ಕೈ ಹೋಗುವುದು ಹಿಡಿಸೂಡಿಗೆ, ಅಂದರೆ ಪೊರಕೆಗೆ. ಬೆಳಿಗ್ಗೆ ಸುಬಹಿ ನಮಾಜು ಮುಗಿಸಿ ನಾನು ಮತ್ತು ನನ್ನ ನಾದಿನಿ ಅಸೀಫಾ, ಎರಡು ಹಿಡಿಸೂಡಿ, ಒಂದು ದೊಡ್ಡ ಬಿರಿಯಾನಿ ಚೆಂಬು, ಮದುವೆಯ ಜಮಖಾನೆ, ಇಷ್ಟು ತುಂಬಿಕೊಂಡು ಕೊರಗನ ಪಿಕಪ್ ಹತ್ತಿದೆವು.

ಫಾರ್ಮ್ ನೋಡಿ ನನ್ನ ಜೀವ ಹಾರಿತು. ಮುರಿದ ತಗಡು ಅಲ್ಲೊಂದು ಇಲ್ಲೊಂದು, ಒಣಗಿದ ಕೆಸರು, ಬಿದ್ದ ಬೇಲಿ, ಎಲ್ಲೆಲ್ಲೂ ನೆನೆದು ಕೊಳೆತ ಹುಲ್ಲು. "ಅತ್ತಿಗೆ, ದೊಡ್ಡ ಜನ ಬಂದು ಇದನ್ನು ನೋಡಿದ್ರೆ ಎಂತ ಹೇಳ್ಲಿಕ್ಕಿಲ್ಲ? ಬ್ಯಾರಿಗಳು ಹೀಗೆ ಇರುದಾ ಅಂತ ಹೇಳ್ಲಿಕ್ಕಿಲ್ವಾ?" ಎಂದಳು ಅಸೀಫಾ. ನಾವು ತಗಡುಗಳನ್ನು ಎಳೆದು ಖರ್ಜೂರದ ಮರಗಳ ಹಿಂದೆ ಅಡಗಿಸಿದೆವು. ಬೇಲಿಯನ್ನು ಕೊರಗನಿಂದ ನಿಲ್ಲಿಸಿ ಕಟ್ಟಿಸಿದೆವು. ಕೆಸರು ಕೆರೆದೆವು, ಅಂಗಳಕ್ಕೆ ನೀರು ಚಿಮುಕಿಸಿದೆವು, ಜಮಖಾನೆ ಹಾಸಿದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಅಂದು ನಾವು ಕಟ್ಟಿದ್ದು ಇಡೀ ಮಲ್ಲಿಗೆ ಚೆಂಡು. ಪ್ರಕೃತಿ ವಿಕೋಪದ ಕುರುಹನ್ನು ನಾವು ಮೂರೇ ಜನ ಒಂದು ಬೆಳಿಗ್ಗೆಯಲ್ಲಿ ಇಲ್ಲದಂತೆ ಮಾಡಿದೆವು. ತಮ್ಮ ಇಲಾಖೆಯ ಯಂತ್ರಗಳಿಂದ ಇದು ಸಾಧ್ಯವಿತ್ತೇ ಎಂಬುದನ್ನು ತಾವೇ ಯೋಚಿಸಬಹುದು.

೬. ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯಿತು. ಕುರಿಗಳ ದೊಡ್ಡಿ ಖಾಲಿ. ಎಷ್ಟು ಗುಡಿಸಿದರೂ ಖಾಲಿ ಖಾಲಿಯೇ. ಮೌತಾದ (ಸಾವಾದ) ಮನೆಯ ಹಾಗೆ ಕಾಣುತ್ತಿತ್ತು. ಆಗ ನನಗೆ ಬೇಲಿಯಾಚೆಯ ಫಾರ್ಮಿನ ಆನ್ಸೆಲ್ಮ್ ನೆನಪಾದ. ಕಿನ್ನಿಗೋಳಿಯವನು, ಅಲ್ಲಿ ಇವರ ಹಾಗೆಯೇ ಇನ್ನೊಬ್ಬ ಅರ್ಬಾಬರ ಕುರಿ ನೋಡಿಕೊಳ್ಳುವವನು. ಊರಿನಲ್ಲಿ ಮದುವೆಗೆ ಪಕ್ಕದ ಮನೆಯಿಂದ ಕುರ್ಚಿ ತರುತ್ತೇವೆ, ತಪಲೆ ತರುತ್ತೇವೆ, ಸಾಲದಿದ್ದರೆ ನೆಂಟರನ್ನು ಮಲಗಿಸಲು ಅವರ ಮನೆಯ ಚಾವಡಿಯನ್ನೂ ಕೇಳುತ್ತೇವೆ. ಕುರಿಯನ್ನು ಕೇಳುವುದರಲ್ಲಿ ನನಗೆ ತಪ್ಪು ಕಾಣಲಿಲ್ಲ.

"ಕುರಿ ಎಂತ ಕುರ್ಚಿಯಾ ಅಕ್ಕ, ಎರವಲು ಕೊಡ್ಲಿಕ್ಕೆ?" ಎಂದ ಆನ್ಸೆಲ್ಮ್.

"ಒಂದು ಮಧ್ಯಾಹ್ನಕ್ಕೆ ಮಾರಾಯಾ. ಸಂಜೆ ಅಸರ್ ಬಾಂಗ್ ಆಗುವಾಗ ನಿನ್ನ ದೊಡ್ಡಿಗೆ ಮುಟ್ಟಿಸ್ತೇನೆ."

"ಎಷ್ಟು ಬೇಕು?"

"ಮೂವತ್ತೆಂಟು. ಸ್ವಲ್ಪ ಚೆಂದದ್ದು ನೋಡಿ ಕೊಡು."

ಅವನು ಕೊಬ್ಬಿದ್ದನ್ನೇ ಆರಿಸಿ ಕೊಟ್ಟ. ನೆರೆಕರೆಯವನೆಂದರೆ ಹಾಗಿರಬೇಕು. ಈ ವ್ಯವಹಾರ ನಡೆಯುವಾಗ ಇವರು ಸ್ಥಳದಲ್ಲಿರಲಿಲ್ಲ. ತಮ್ಮ ಅಧಿಕಾರಿಗಳಿಗೆ ಲೊಕೇಶನ್ ಸಿಗದ ಕಾರಣ ಹೈವೇವರೆಗೆ ಹೋಗಿ ಕಾಯುತ್ತಿದ್ದರು. ಅವರ ಗಾಡಿಯ ಮುಂದೆ ಫಾರ್ಮಿನ ಗಾಡಿ ಓಡಿಸಿಕೊಂಡು ಗೇಟಿನೊಳಗೆ ಬಂದು ಇಳಿದ ಇವರು ದೊಡ್ಡಿಯ ಕಡೆ ನೋಡಿದರು. ಮಾನ್ಯರೇ, ಇದೊಂದನ್ನು ನನಗೆ ಅರ್ಜಿಯ ಭಾಷೆಯಲ್ಲಿ ಬರೆಯಲು ಬರುವುದಿಲ್ಲ. ಇವರ ಮುಖ ಒಮ್ಮೆಲೇ ಅರಳಿತು. ಎರಡು ಹೆಜ್ಜೆ ಓಡಿದರು ಕೂಡ. ಆಮೇಲೆ ಕುರಿಗಳ ಬೆನ್ನಿನ ಮೇಲೆ ಆನ್ಸೆಲ್ಮ್‌ನ ಫಾರ್ಮಿನ ನೀಲಿ ಬಣ್ಣದ ಗುರುತು ಕಂಡಿತು, ಅಲ್ಲೇ ನಿಂತರು. ನಾನು ಮಾಡಿದ್ದು ಏನೆಂದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಷ್ಟರಲ್ಲಿ ಅಧಿಕಾರಿಗಳು ಗಾಡಿಯಿಂದ ಇಳಿದಾಗಿತ್ತು.

೭. ತಮ್ಮ ಹಿರಿಯ ಅಧಿಕಾರಿಯ ನಡವಳಿಕೆಯ ಬಗ್ಗೆ ನಮಗೆ ಯಾವ ದೂರೂ ಇಲ್ಲ. ಬಹಳ ಮರ್ಯಾದಸ್ಥರು. ಇಳಿದ ಕೂಡಲೇ ಇವರ ಕೈ ಕುಲುಕಿ ಹೇಗಿದ್ದೀರಿ ಎಂದರು. ಇವರು "ಅಲ್‌ಹಮ್ದುಲಿಲ್ಲಾ, ಚೆನ್ನಾಗಿದ್ದೇನೆ" ಎಂದರು. ಮಕ್ಕಳು ಹೇಗಿದ್ದಾರೆ? ಅಲ್‌ಹಮ್ದುಲಿಲ್ಲಾ. ಕುರಿಗಳು ಹೇಗಿವೆ? ಅಲ್‌ಹಮ್ದುಲಿಲ್ಲಾ. ಮಳೆಯಿಂದ ಏನಾದರೂ ತೊಂದರೆಯಾಯಿತೇ? "ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ, ಎಲ್ಲ ದೇವರ ದಯೆ. ಬನ್ನಿ, ಕುಳಿತುಕೊಳ್ಳಿ."

ಅಧಿಕಾರಿಗಳು ಪ್ರತಿ ಉತ್ತರಕ್ಕೂ ಕೈಯಲ್ಲಿದ್ದ ಟ್ಯಾಬಿನಲ್ಲಿ ಒಂದೊಂದು ಗುರುತು ಹಾಕಿದರು. ಅದು ಕುಶಲ ವಿಚಾರಿಸಿದ್ದಲ್ಲ, ತಪಾಸಣೆ ಎಂದು ನಮಗೆ ಹೇಗೆ ಗೊತ್ತಾಗಬೇಕು? ಬಂದ ಅತಿಥಿ ಇನ್ನೂ ಚಪ್ಪಲಿ ಬಿಟ್ಟಿಲ್ಲ, ಒಂದು ಗ್ಲಾಸ್ ನೀರು ಕುಡಿದಿಲ್ಲ. ಆಗಲೇ ನಮ್ಮ ಕುರಿ ಸತ್ತಿತು, ಮಾಡು ಬಿತ್ತು ಎಂದು ರಾಗ ತೆಗೆದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಉಂಟೇ? ದುಃಖ ಹೇಳುವುದಕ್ಕೂ ಒಂದು ಹೊತ್ತಿದೆ. ಊಟವಾಗಬೇಕು, ಕೈ ತೊಳೆಯಬೇಕು, ಚಹಾ ಬರಬೇಕು, ಬಂದವರು "ಮತ್ತೆ ಹೇಗೆ?" ಎಂದು ಎರಡನೇ ಸಲ ಕೇಳಬೇಕು. ಆಗ ಹೇಳುವುದು. ಇವರು ಆ ಎರಡನೇ ಪ್ರಶ್ನೆಗಾಗಿ ಊಟದುದ್ದಕ್ಕೂ ಕಾದು ಕುಳಿತಿದ್ದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಅದು ಗೊತ್ತಾಗುತ್ತಿತ್ತು. ತಮ್ಮ ಅಧಿಕಾರಿ ಕೇಳಲಿಲ್ಲ. ಬಿರಿಯಾನಿ ಚೆನ್ನಾಗಿದೆ ಎಂದರು, ಪುನಃ ಹಾಕಿಸಿಕೊಂಡರು, ಕಿರಿಯ ಅಧಿಕಾರಿ ಮನೆಯವರಿಗೆಂದು ಸ್ವಲ್ಪ ಕಟ್ಟಿಸಿಕೊಂಡರು. ಕೋಳಿ ಬಿರಿಯಾನಿ. ಕುರಿಮಾಂಸ ಬೇಯಿಸಲು ಅಂದು ನಮಗ್ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಹೊರಟು ನಿಂತು, ದೊಡ್ಡಿಯ ಕಡೆ ದೂರದಿಂದಲೇ ಬೆರಳು ತೋರಿಸಿ ಲೆಕ್ಕ ಹಾಕಿ, "ಮಾಶಾ ಅಲ್ಲಾ" ಎಂದು ಫೋಟೋ ಹೊಡೆದುಕೊಂಡು ಹೋದರು. ಹತ್ತಿರ ಹೋಗಿ ಕಿವಿ ಬಿಲ್ಲೆಯ ನಂಬರ್ ಓದಿದ್ದರೆ ಆಗಲೇ ಸಿಕ್ಕಿಬೀಳುತ್ತಿದ್ದೆವು. ಸಿಕ್ಕಿಬಿದ್ದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ.

೮. ಅಸರ್ ಬಾಂಗಿಗೆ ಆನ್ಸೆಲ್ಮ್‌ನ ಕುರಿಗಳು ಆನ್ಸೆಲ್ಮ್‌ನ ದೊಡ್ಡಿ ಸೇರಿದವು. ಅರ್ಬಾಬರು ಊರಿಗೆ ಮರಳಿದರು. ಲುಸೈಲ್‌ನ ತಮ್ಮ ಆಫೀಸಿನಲ್ಲಿ ಉಲ್ಲೇಖ ಒಂದರ ವರದಿಯನ್ನು ಓದಿದರು. ಅದನ್ನು ಹಿಡಿದುಕೊಂಡು ನೇರ ಫಾರ್ಮಿಗೆ ಬಂದರು. ಈಗ ತಾವೇ ಅವರ ಜಾಗದಲ್ಲಿ ನಿಂತು ನೋಡಬೇಕು. ಕುರಿಗಳು ಮಳೆಗೆ ಸತ್ತವು ಎಂದು ಕೆಲಸದವನು ಫೋನಿನಲ್ಲಿ ಹೇಳಿದ್ದಾನೆ. ಆಮೇಲೆ ಸರ್ಕಾರ ಬಂದು ನೋಡಿದಾಗ ಕುರಿಗಳು ಜೀವಂತವಾಗಿ, ದಷ್ಟಪುಷ್ಟವಾಗಿ, ಫೋಟೋಗೆ ಮುಖ ಕೊಟ್ಟು ನಿಂತಿವೆ. ಈಗ ದೊಡ್ಡಿಯಲ್ಲಿ ಒಂದು ಹಿಕ್ಕೆಯೂ ಇಲ್ಲ, ಯಾಕೆಂದರೆ ಅದನ್ನೂ ನಾನೇ ಗುಡಿಸಿದ್ದೆ. ಮಳೆಗೆ ಸತ್ತು, ತಪಾಸಣೆಗೆ ಎದ್ದು, ಊಟವಾದ ಮೇಲೆ ಪುನಃ ಕಾಣೆಯಾದ ಕುರಿಗಳನ್ನು ಯಾವ ಮಾಲೀಕ ನಂಬುತ್ತಾನೆ?

"ಬೊಡಿಯಬ್ಬಾ" ಎಂದರಂತೆ. ಅವರಿಗೆ 'ಪ' ಬರುವುದಿಲ್ಲ. "ಕಾಗದದಲ್ಲಿ ಕುರಿಗಳು ಇವೆ. ದೊಡ್ಡಿಯಲ್ಲಿ ಇಲ್ಲ. ನಡುವೆ ಇದ್ದವನು ನೀನೊಬ್ಬನೇ. ಯಾರಿಗೆ ಮಾರಿದೆ?"

ಇವರು ಸತ್ಯ ಹೇಳಬಹುದಿತ್ತು. ಹೇಳಿದರೆ ಆನ್ಸೆಲ್ಮ್‌ನ ಹೆಸರು ಬರುತ್ತದೆ. ತನ್ನ ಅರ್ಬಾಬರನ್ನು ಕೇಳದೆ ಕುರಿ ಕೊಟ್ಟದ್ದಕ್ಕೆ ಅವನ ಕೆಲಸ ಹೋಗುತ್ತದೆ. ಅವನಿಗೆ ಊರಿನಲ್ಲಿ ಓದುವ ಮೂರು ಮಕ್ಕಳು. ಆದ್ದರಿಂದ ಇವರು ನೆಲ ನೋಡಿಕೊಂಡು ನಿಂತರು. ನೆಲ ನೋಡುವವನನ್ನು ಜಗತ್ತು ಕಳ್ಳ ಎಂದೇ ತಿಳಿಯುತ್ತದೆ. ಅರ್ಬಾಬರು ಗೇಟಿನ ಕೀಲಿಕೈ ತೆಗೆದುಕೊಂಡು, "ತಿಂಗಳ ಕೊನೆಯವರೆಗೆ ಸಮಯ. ಕುರಿಗಳು ಎಲ್ಲಿ ಎಂದು ಹೇಳು. ಇಲ್ಲದಿದ್ದರೆ ಪೊಲೀಸರಿಗೆ ಹೇಳು. ಖಲಾಸ್" ಎಂದರು. ಅವರ ಕಣ್ಣಲ್ಲಿ ನೀರಿತ್ತು ಎಂದು ಕೊರಗ ಹೇಳಿದ. ಅದು ನನಗೆ ಇನ್ನೂ ಸಂಕಟ. ಬೈದಿದ್ದರೆ ನಾನೂ ಅವರನ್ನು ಬೈದುಕೊಂಡು ಇರಬಹುದಿತ್ತು.

೯. ಇವರು ಈಗ ಮುಂತಜಾದ ಮನೆಯಲ್ಲಿದ್ದಾರೆ. ಕಿಟಕಿಯ ಹತ್ತಿರ ಕುಳಿತು ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಾರೆ. "ಎಂತ ಆಯ್ತು?" ಎಂದು ಕೇಳಿದೆ. "ಎಂತ ಇಲ್ಲ, ಸುಖ" ಎಂದರು. ಚಹಾ ಕೊಟ್ಟು ಪಕ್ಕದಲ್ಲಿ ಕುಳಿತು ಪುನಃ ಕೇಳಿದೆ. ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. "ಅವರ ಅಂಗಳದ ಒಂದು ಖರ್ಜೂರ ಬಿದ್ದದ್ದನ್ನು ಕೇಳದೆ ತಿಂದವನಲ್ಲ ನಾನು. ಕಳ್ಳ ಅಂತ ಹೇಳಿದ್ರಲ್ಲ ಝಾಹಿದಾ" ಎಂದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಆ ಎರಡೂ ಹಿಡಿಸೂಡಿಗಳನ್ನು ಮುರಿದು ಕಸದ ಡಬ್ಬಕ್ಕೆ ಹಾಕಿದೆ.

ಆಮೇಲೆ ಆನ್ಸೆಲ್ಮ್‌ಗೆ ಫೋನ್ ಮಾಡಿದೆ. ನಿನ್ನ ಹೆಸರು ಹೇಳಲಾ ಎಂದು ಕೇಳುವ ಧೈರ್ಯವಿರಲಿಲ್ಲ, ನಡೆದದ್ದನ್ನು ಮಾತ್ರ ಹೇಳಿದೆ. ಅವನು "ಅಯ್ಯೋ ದೇವಾ, ನನಗೆ ಇದೆಲ್ಲ ಗೊತ್ತೇ ಇಲ್ಲ ಅಕ್ಕ" ಎಂದು ಫೋನ್ ಇಟ್ಟ. ಸಂಜೆಗೆ ಅವನೇ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. ತನ್ನ ಅರ್ಬಾಬರಿಗೆ ತಾನೇ ಎಲ್ಲ ಹೇಳಿಬಿಟ್ಟಿದ್ದ.

"ಎಂತ ಹೇಳಿದ್ರು?" ಎಂದು ಇವರು ಗಾಬರಿಯಲ್ಲಿ ಎದ್ದು ನಿಂತರು.

"ಎಂತ ಇಲ್ಲ ಪೊಡಿಯಬ್ಬಾಕ. ನನ್ನ ಕುರಿಗಳಿಗೆ ಅಲ್ಲಿ ಮೇವು ಹಾಕಿದ್ರಾ ಅಂತ ಒಂದೇ ಕೇಳಿದ್ದು. ಹಾಕಿದ್ದಾರೆ, ನಮ್ಮದಕ್ಕಿಂತ ಒಳ್ಳೇದು ಹಾಕಿದ್ದಾರೆ ಅಂದೆ. ಹಾಗಾದ್ರೆ ವಾರಕ್ಕೊಮ್ಮೆ ಕಳಿಸು ಅಂದ್ರು."

ಇವರು ಆ ಸಂಜೆ ಬಹಳ ದಿನಗಳ ನಂತರ ನಕ್ಕರು. ಮರುದಿನ ಆನ್ಸೆಲ್ಮ್, ಕೊರಗ ಇಬ್ಬರೂ ನಮ್ಮ ಅರ್ಬಾಬರ ಮಜ್ಲಿಸ್ ಚಾವಡಿಗೆ ಹೋಗಿ ಸಾಕ್ಷಿ ಹೇಳಿದರು. ಅರ್ಬಾಬರು ಸಾವಧಾನವಾಗಿ ಕೇಳಿ, ಕಾಫಿ ಕೊಟ್ಟು, "ನೀವಿಬ್ಬರು, ಬೊಡಿಯಬ್ಬ, ಮೂವರೂ ಒಂದೇ ಊರಿನವರು. ನಾನು ನಿಮ್ಮನ್ನು ನಂಬಬೇಕೋ, ಸೀಲು ಇರುವ ಕಾಗದವನ್ನು ನಂಬಬೇಕೋ?" ಎಂದರು. ಫಾರ್ಮಿನ ಗುಂಡಿಯನ್ನು ತೆಗೆಸಿ ನೋಡಿ, ಬಿಲ್ಲೆ ಸಿಗುತ್ತವೆ ಎಂದು ಕೊರಗ ಹೇಳಿದ್ದಕ್ಕೆ, ಸರ್ಕಾರ ಬಂದು ತೆಗೆಯಲಿ, ತಾನು ತೆಗೆಸಿದರೆ ಅದಕ್ಕೂ ಸೀಲು ಇರುವುದಿಲ್ಲ ಎಂದರು. ನ್ಯಾಯವಾದ ಮಾತೇ. ಕೊರಗ ಮೆಟ್ಟಿಲಿಳಿಯುವಾಗ "ಗಣಪತಿ ಮಾಡ್ಲಿಕ್ಕೆ ಹೋಗಿ ಅವನ ಅಪ್ಪನನ್ನು ಮಾಡಿದೆವಲ್ಲ" ಎಂದನಂತೆ. ಅದು ನನಗೆ ಹೇಳಿದ್ದೆಂದು ನನಗೆ ಗೊತ್ತು.

ಇವರಿಗೆ ಮಾತ್ರ ಗುಂಡಿ ತೆಗೆಯುವುದು ಇಷ್ಟವಿಲ್ಲ. "ಇಳಿಸಿ ಆದವರನ್ನು ಪುನಃ ಹತ್ತಿಸ್ಲಿಕ್ಕಿಲ್ಲ" ಎಂದು ಒಂದೇ ಮಾತು. ನಾನು ಇವರ ಮಾತು ಮೀರುವವಳಲ್ಲ. ಆದರೆ ಇವರು ಕಳ್ಳನೆನಿಸಿಕೊಂಡು ವಿಮಾನ ಹತ್ತುವುದನ್ನು ನೋಡಿಕೊಂಡು ಇರುವವಳೂ ಅಲ್ಲ. ಆದುದರಿಂದ ಈ ಅರ್ಜಿಯನ್ನು ಇವರಿಗೆ ತಿಳಿಸದೆ ಬರೆಯಲಾಗಿದೆ.

೧೦. ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಸಮಿತಿಯಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

(ಅ) ಉಲ್ಲೇಖ ಒಂದರ ವರದಿಯಲ್ಲಿ ಇನ್ನೂ ಬದುಕಿರುವ ಮೂವತ್ತೆಂಟು ಕುರಿಗಳನ್ನು ದಯವಿಟ್ಟು ಸಾಯಿಸಿಕೊಡಬೇಕು. ಮಳೆ ತನ್ನ ಕೆಲಸ ಮಾಡಿದೆ. ಕಾಗದದ ಮೇಲಿನ ಕೆಲಸ ಮಾತ್ರ ಬಾಕಿ ಇದೆ.

(ಆ) ಗುಂಡಿಯನ್ನು ಪೂರ್ತಿ ತೆಗೆಯುವ ಅಗತ್ಯವಿಲ್ಲ. ಟ್ಯಾಂಕಿನ ಕಡೆಯ ಮೂಲೆಯಲ್ಲಿ ಸ್ವಲ್ಪ ಅಗೆದರೆ ನಾಲ್ಕೈದು ಬಿಲ್ಲೆ ಸಿಗುತ್ತವೆ. ಅವನ್ನು ಅರ್ಬಾಬರ ದಾಖಲೆಯ ಜೊತೆ ಹೋಲಿಸಿ, ನೋಡಿದ ಮೇಲೆ ಮಣ್ಣು ಮೊದಲಿನ ಹಾಗೆಯೇ ಮುಚ್ಚಬೇಕು. ಅಗೆಯುವ ಅಧಿಕಾರಿ ಒಂದು ಮಾತೂ ಆಡದೆ ಅಗೆದರೆ ಉಪಕಾರ.

(ಇ) ಖರ್ಜೂರದ ಮರಗಳ ಹಿಂದೆ ಒಮ್ಮೆ ಇಣುಕಬೇಕು. ನಷ್ಟವೆಲ್ಲ ಅಲ್ಲಿದೆ, ಅಚ್ಚುಕಟ್ಟಾಗಿ ಜೋಡಿಸಿ ಇಡಲಾಗಿದೆ.

(ಈ) ಬರುವ ದಿನವನ್ನು ಯಾವ ಕಾರಣಕ್ಕೂ ಮುಂಚಿತವಾಗಿ ತಿಳಿಸಬಾರದು. ನಾನು ಹಿಡಿಸೂಡಿ ಮುರಿದಿರುವುದು ನಿಜ, ಆದರೆ ಅಸೀಫಾಳ ಮನೆಯಲ್ಲಿ ಇನ್ನೊಂದಿದೆ.

(ಉ) ಬಿರಿಯಾನಿಯ ಬಗ್ಗೆ ತನಿಖೆ ಮಾಡಿ ತಮ್ಮ ಅಧಿಕಾರಿಗಳಿಗೆ ಶಿಕ್ಷೆ ಕೊಡಬಾರದು. ಅವರು ಉಂಡದ್ದು ಲಂಚವಲ್ಲ, ಊಟ. ಈ ಎರಡಕ್ಕೂ ವ್ಯತ್ಯಾಸ ಗೊತ್ತಿರುವ ಊರಿನಿಂದ ನಾವು ಬಂದಿದ್ದೇವೆ.

ಈ ಮೇಲಿನವುಗಳನ್ನು ತಿಂಗಳ ಕೊನೆಯೊಳಗೆ ನೆರವೇರಿಸಿಕೊಟ್ಟರೆ, ಅರ್ಜಿದಾರಳು ತಮ್ಮ ಸಮಿತಿಯವರಿಗೆಲ್ಲ ದುವಾ ಮಾಡುವವಳಿದ್ದಾಳೆ. ನೆರವೇರಿಸದಿದ್ದರೆ ಪುನಃ ಅರ್ಜಿ ಬರೆಯುವವಳಿದ್ದಾಳೆ, ಮತ್ತು ಅದು ಇದಕ್ಕಿಂತ ಉದ್ದವಿರುತ್ತದೆ.

ಗುಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿರುವ,
ತಮ್ಮ ವಿಶ್ವಾಸಿ,
ಝಾಹಿದಾ

ಲಗತ್ತುಗಳು:
೧. ಆನ್ಸೆಲ್ಮ್‌ನ ಸಾಕ್ಷಿಪತ್ರ. ಕನ್ನಡದಲ್ಲಿ ಶುರುವಾಗಿ ಕೊಂಕಣಿಯಲ್ಲಿ ಮುಗಿಯುತ್ತದೆ.
೨. ಕೊರಗನ ಸಹಿ. ಇದು ಎಲ್ಲದಕ್ಕೂ ಅನ್ವಯಿಸುತ್ತದೆ ಎಂದು ಅವನು ಹೇಳಿದ್ದಾನೆ.
೩. ಇವರ ಅಂಗೈಯ ಫೋಟೋ. ಮಲಗಿದ್ದಾಗ ತೆಗೆದದ್ದು.

ಪ್ರತಿ: ಅರ್ಬಾಬರ ಮಾಹಿತಿಗಾಗಿ. ಪೊಡಿಯಬ್ಬ ಇವರಿಗೆ ಪ್ರತಿ ಕಳುಹಿಸತಕ್ಕದ್ದಲ್ಲ.

ವಿಶೇಷ ಸೂಚನೆ: ಮರುತಪಾಸಣೆಯ ಸಮಯದಲ್ಲಿ ಸದರಿಯವರು ಎದುರು ಸಿಕ್ಕಿ, ತಾವು ರೂಢಿಯಂತೆ ಹೇಗಿದ್ದೀರಿ ಎಂದು ಕೇಳಿದಲ್ಲಿ, ಅವರು ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ. ಅದನ್ನು ವರದಿಯಲ್ಲಿ ಬರೆದುಕೊಳ್ಳಬಾರದಾಗಿ ವಿನಂತಿ.